ದೀಪದ ಕಂಬಕ್ಕೆ ಕಟ್ಟಿದ ಕಾರು

ಲಂಡನ್ ನಗರದ ಪಶ್ಚಿಮ ಭಾಗದಲ್ಲಿ ಮೈಡಾ ವೇಲ್ ಎಂಬ ಬಡಾವಣೆಯಿದೆ. ಅಲ್ಲಿಯ ಸದರ್ಲೆಂಡ್ ಅವೆನ್ಯೂ ಅಗಲವಾದ ರಸ್ತೆ. ಇಕ್ಕೆಲಗಳಲ್ಲಿ ಮರಗಳು, ಮರಗಳ ಹಿಂದೆ ವಿಕ್ಟೋರಿಯಾ ರಾಣಿಯ ಕಾಲದ ಎತ್ತರದ ಮನೆಗಳು. ಸಂಜೆಯ ಮಳೆ ಹನಿಯುವ ಹೊತ್ತಿಗೆ ಈ ರಸ್ತೆಗೆ ಕಾಲಿಟ್ಟವರಿಗೆ ಒಂದು ವಿಚಿತ್ರ ದೃಶ್ಯ ಕಾಣುತ್ತದೆ. ಕೆಲಸ ಮುಗಿಸಿ ಬಂದವರು ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸುತ್ತಾರೆ. ಡಿಕ್ಕಿಯೊಳಗಿಂದ ದಪ್ಪನೆಯ ವೈರಿನ ಸುರುಳಿಯೊಂದನ್ನು ಹೊರತೆಗೆಯುತ್ತಾರೆ. ಒಂದು ತುದಿಯನ್ನು ಕಾರಿಗೆ, ಇನ್ನೊಂದನ್ನು ಬೀದಿದೀಪದ ಕಂಬಕ್ಕೆ ಸಿಕ್ಕಿಸಿ, ಕೊಡೆ ಬಿಚ್ಚಿಕೊಂಡು ಮನೆಯೊಳಗೆ ಹೋಗಿಬಿಡುತ್ತಾರೆ. ಮೇದು ಬಂದ ದನವನ್ನು ಹಟ್ಟಿಯ ಗೂಟಕ್ಕೆ ಕಟ್ಟಿ ಒಳಗೆ ನಡೆದ ಹಾಗೆ! ದನ ರಾತ್ರಿಯಿಡೀ ಮೆಲುಕು ಹಾಕುತ್ತದೆ. ಕಾರು ರಾತ್ರಿಯಿಡೀ ವಿದ್ಯುತ್ತು ಕುಡಿಯುತ್ತದೆ.

2020ರ ಮಾರ್ಚಿನಲ್ಲಿ ಈ ರಸ್ತೆಯ 24 ದೀಪದ ಕಂಬಗಳನ್ನು ಕಾರು ಚಾರ್ಜು ಮಾಡುವ ಕಂಬಗಳಾಗಿ ಮಾರ್ಪಡಿಸಲಾಯಿತು. ಸೀಮೆನ್ಸ್ ಕಂಪೆನಿ, ಬರ್ಲಿನ್ನಿನಲ್ಲಿ ಹುಟ್ಟಿದ ಯುಬಿಟ್ರಿಸಿಟಿ ಎಂಬ ಸಂಸ್ಥೆ ಮತ್ತು ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಸೇರಿ ಮಾಡಿದ ಕೆಲಸ ಇದು. ರಸ್ತೆಗೆ 'ಎಲೆಕ್ಟ್ರಿಕ್ ಅವೆನ್ಯೂ' ಎಂದು ಪ್ರೀತಿಯ ಅಡ್ಡಹೆಸರನ್ನೂ ಇಟ್ಟರು. ತಮಾಷೆಯೆಂದರೆ, ಅದೇ ಹೆಸರಿನ ನಿಜವಾದ ರಸ್ತೆಯೊಂದು ಥೇಮ್ಸ್ ನದಿಯ ಆಚೆ, ಬ್ರಿಕ್ಸ್‌ಟನ್ನಿನಲ್ಲಿ, ಬಹುಹಿಂದಿನಿಂದಲೂ ಇದೆ. 1880ರ ದಶಕದಲ್ಲಿ ಕಟ್ಟಿದ ಆ ಸಂತೆಬೀದಿಯೇ ಲಂಡನ್ನಿನಲ್ಲಿ ವಿದ್ಯುದ್ದೀಪ ಕಂಡ ಮೊದಲ ಮಾರುಕಟ್ಟೆ ಬೀದಿ. ಅಲ್ಲಿ ಕರೆಂಟು ಬಂದದ್ದು ಜನರ ಕಣ್ಣಿಗೆ ಬೆಳಕು ಕೊಡಲು. ಇಲ್ಲಿ ಅದೇ ಕರೆಂಟು ಕಾರಿನ ಹೊಟ್ಟೆಗೆ ಇಳಿಯುತ್ತಿದೆ.

ಹೀಗೆ ಬೀದಿಯ ಕಂಬವನ್ನು ಹುಡುಕಿಕೊಂಡು ಬರುವ ಗರಜು ಏಕೆ ಬಿತ್ತು? ಉತ್ತರ ಆ ಹಳೆಯ ಮನೆಗಳಲ್ಲೇ ಇದೆ. ಲಂಡನ್ನಿನ ಎಷ್ಟೋ ಬೀದಿಗಳು ಕಾರು ಎಂಬ ವಸ್ತು ಹುಟ್ಟುವುದಕ್ಕೂ ಮುಂಚೆ ಎದ್ದು ನಿಂತವು. ಗೋಡೆಗೆ ಗೋಡೆ ಅಂಟಿಸಿಕೊಂಡು ಸಾಲಾಗಿ ನಿಂತ ಮನೆಗಳು, ಬಾಗಿಲು ತೆರೆದರೆ ನೇರ ಫುಟ್‌ಪಾತ್. ಅಂಗಳವಿಲ್ಲ, ಗ್ಯಾರೇಜಿಲ್ಲ. ಆಮೇಲೆ ಆ ಎತ್ತರದ ಮನೆಗಳೇ ನಾಲ್ಕೈದು ಫ್ಲಾಟುಗಳಾಗಿ ಒಡೆದವು. ನಗರದ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಕಾರು ನಿಲ್ಲಿಸಲು ಸ್ವಂತ ಜಾಗವೇ ಇಲ್ಲ. ಹಾಗೆ ನೋಡಿದರೆ ಹತ್ತರಲ್ಲಿ ನಾಲ್ಕು ಮನೆಗಳಿಗೆ ಕಾರೇ ಇಲ್ಲ. ಸುರಂಗ ರೈಲು, ಕೆಂಪು ಬಸ್ಸುಗಳಲ್ಲೇ ಅವರ ಬದುಕು ಸಾಗುತ್ತದೆ. ಆದರೆ ಕಾರಿದ್ದವನು ಪೆಟ್ರೋಲು ಬಿಟ್ಟು ವಿದ್ಯುತ್ತಿಗೆ ಬರಬೇಕೆಂದರೆ ಮೊದಲು ಕೇಳುವ ಪ್ರಶ್ನೆ ಒಂದೇ: 'ರಾತ್ರಿ ಚಾರ್ಜಿಗೆ ಎಲ್ಲಿ ಹಾಕಲಿ?'

ಮೂರನೆಯ ಮಹಡಿಯ ಕಿಟಕಿಯಿಂದ ವೈರು ಇಳಿಬಿಡುವುದು ಸಾಧ್ಯವಿಲ್ಲ. ನೆಲ ಅಂತಸ್ತಿನವರು ಫುಟ್‌ಪಾತಿನ ಮೇಲೆ ಅಡ್ಡಡ್ಡ ವೈರು ಎಳೆದರೆ ಬಿಳಿಕೋಲು ಹಿಡಿದು ಬರುವ ಅಂಧರು, ಗಾಲಿಕುರ್ಚಿಯವರು, ಮಗುವಿನ ತಳ್ಳುಗಾಡಿಯ ತಾಯಂದಿರು ಎಡವುತ್ತಾರೆ. ಇದಕ್ಕೆಂದೇ ಕೆಲವು ಬಡಾವಣೆಗಳಲ್ಲಿ ಫುಟ್‌ಪಾತನ್ನು ಕೊರೆದು, ವೈರು ಹುದುಗಿಸಲು ಸಣ್ಣ ಕಾಲುವೆ ತೋಡಿ ಮುಚ್ಚಳ ಹಾಕಿ ಕೊಡುವ ಏರ್ಪಾಟು ನಡೆದಿದೆ. ಆದರೆ ಮನೆಯೆದುರಿನ ಜಾಗವೇ ಸಂಜೆ ಖಾಲಿ ಸಿಗುತ್ತದೆಂಬ ಭರವಸೆ ಏನಿದೆ? ರಸ್ತೆ ಎಲ್ಲರದು.

ಆಗ ಕಣ್ಣಿಗೆ ಬಿದ್ದದ್ದು ದೀಪದ ಕಂಬ. ಅದರ ಬುಡಕ್ಕೆ ಆಗಲೇ ನೆಲದೊಳಗಿಂದ 230 ವೋಲ್ಟಿನ ಕೇಬಲ್ ಬಂದಿದೆ. ಹೊಸದಾಗಿ ರಸ್ತೆ ಅಗೆಯಬೇಕಿಲ್ಲ. ಒಂದು ದೀಪ ಉರಿಯಲು ಬೇಕಾದುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಹೊರುವ ಶಕ್ತಿ ಆ ಕೇಬಲಿಗಿದೆ. ಹಳೆಯ ಹಳದಿ ಸೋಡಿಯಂ ದೀಪಗಳು ಹೋಗಿ ಎಲ್‌ಇಡಿ ದೀಪಗಳು ಬಂದ ಮೇಲಂತೂ ದೀಪದ ಪಾಲು ಅರ್ಧಕ್ಕಿಂತ ಕಡಿಮೆಯಾಗಿದೆ. ಕಂಬದ ಕೆಳಭಾಗದ ಬಾಗಿಲನ್ನು ತೆಗೆದು, ಅಂಗೈಯಗಲದ ಸಾಕೆಟ್ಟು ಇರುವ ಇನ್ನೊಂದು ಬಾಗಿಲನ್ನು ಕೂರಿಸಿದರೆ ಆಯಿತು. ಏಳು ರಂಧ್ರಗಳ ಈ ಸಾಕೆಟ್ಟು ಜರ್ಮನಿಯ ಮೆನೆಕೆಸ್ ಕಂಪೆನಿಯ ಕೊಡುಗೆ. ಈಗ ಯುರೋಪಿಗೆಲ್ಲ ಅದೇ ಮಾದರಿ. ದಾರಿಹೋಕರಿಗೆ ಕಂಬದಲ್ಲಿ ಏನೋ ಬದಲಾಗಿದೆ ಎಂಬುದು ಗೊತ್ತೂ ಆಗುವುದಿಲ್ಲ. ಮೊದಮೊದಲು ಯುಬಿಟ್ರಿಸಿಟಿಯವರು ಮೀಟರನ್ನು ಕಂಬದಲ್ಲಿ ಇಡದೆ ವೈರಿನಲ್ಲೇ ಕಟ್ಟಿದ್ದರು. ಗಿರಾಕಿ ತನ್ನ ಮೀಟರನ್ನು ತಾನೇ ಹೊತ್ತು ತಿರುಗಬೇಕು! ಈಗ ಯಾವ ವೈರಾದರೂ ನಡೆಯುತ್ತದೆ. ಕಂಬದ ಮೇಲಿನ ಚೌಕಾಕಾರದ ಚುಕ್ಕಿಚಿತ್ರವನ್ನು ಫೋನಿಗೆ ತೋರಿಸಿ ಹಣ ಕಟ್ಟಿದರೆ ಸಾಕು.

ಎಲ್ಲ ಕಂಬಗಳೂ ಈ ಕೆಲಸಕ್ಕೆ ಒಗ್ಗವು. ಕಂಬ ರಸ್ತೆಯ ಅಂಚಿನಲ್ಲಿರಬೇಕು. ಲಂಡನ್ನಿನ ಎಷ್ಟೋ ಬೀದಿಗಳಲ್ಲಿ ಕಂಬಗಳು ಫುಟ್‌ಪಾತಿನ ಒಳಮಗ್ಗುಲಲ್ಲಿ, ಮನೆಗಳ ಗೋಡೆಗೆ ಒರಗಿದಂತೆ ನಿಂತಿವೆ. ಅಂಥಲ್ಲಿ ರಸ್ತೆಯಂಚಿಗೆ ಮರಿಕಂಬವೊಂದನ್ನು ನೆಟ್ಟು ನೆಲದೊಳಗಿಂದ ಜೋಡಿಸಬೇಕಾಗುತ್ತದೆ. ಇನ್ನು ಕೋವೆಂಟ್ ಗಾರ್ಡನ್, ಸೇಂಟ್ ಜೇಮ್ಸ್ ಪಾರ್ಕಿನ ಕಡೆಯ ಕೆಲವು ಕಂಬಗಳಲ್ಲಿ ಕರೆಂಟೇ ಇಲ್ಲ. ಇಂದಿಗೂ ಅವು ಗ್ಯಾಸ್ ದೀಪಗಳು! ನಗರದಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಉಳಿದಿವೆ. ಅವನ್ನು ಬದಲಿಸುವ ಮಾತು ಬಂದಾಗ ನಾಗರಿಕರು ದನಿಯೆತ್ತಿ ಅನೇಕವನ್ನು ಉಳಿಸಿಕೊಂಡರು. ಒಂದು ಬೀದಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಗ್ಯಾಸಿನ ಮಂದಬೆಳಕು, ಮುಂದಿನ ಬೀದಿಯಲ್ಲಿ ಕಾರಿಗೆ ವಿದ್ಯುತ್ತು ಉಣಿಸುವ ಕಂಬ. ಹಳತನ್ನು ಬಿಡದೆ ಹೊಸತನ್ನು ಸೇರಿಸಿಕೊಳ್ಳುವ ಇಂಗ್ಲಿಷರ ಗುಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಲೆಕ್ಕ. ಕಾರಿನ ಬ್ಯಾಟರಿಯನ್ನು ಕೊಡವೆಂದೂ ಚಾರ್ಜು ಮಾಡುವ ಕಂಬವನ್ನು ಕೊಳಾಯಿಯೆಂದೂ ತಿಳಿಯಿರಿ. ಕೊಡದ ಅಳತೆ ಯೂನಿಟ್ಟಿನಲ್ಲಿ. ಮನೆಯ ಕರೆಂಟು ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು. ಕೊಳಾಯಿಯ ಬಿರುಸು ಕಿಲೋವಾಟಿನಲ್ಲಿ. ಸಾಧಾರಣ ಕಾರಿನ ಬ್ಯಾಟರಿ 50 ಯೂನಿಟ್ಟಿನದು ಎಂದುಕೊಂಡರೆ, ಐದನೆಯ ಒಂದು ಪಾಲು ಉಳಿದಾಗ ಕಂಬಕ್ಕೆ ಕಟ್ಟಿ ಐದನೆಯ ನಾಲ್ಕು ಪಾಲಿಗೆ ತರಲು 30 ಯೂನಿಟ್ಟು ಬೇಕು. ದೀಪದ ಕಂಬದ ಬಿರುಸು ಸುಮಾರು 5 ಕಿಲೋವಾಟ್. ಮೂವತ್ತನ್ನು ಐದರಿಂದ ಭಾಗಿಸಿದರೆ ಆರು ಗಂಟೆ. ಅಂದರೆ ಒಂದು ನಿದ್ದೆಯ ಹೊತ್ತು. ಬೆಳಿಗ್ಗೆ ಆ ಕಾರು ಸುಮಾರು 180 ಕಿಲೋಮೀಟರ್ ಓಡಲು ತಯಾರು. ಸಂಜೆಯ ಆತುರಕ್ಕೆ ಇದು ನಿಧಾನವೆನಿಸಬಹುದು. ಆದರೆ ಕಾರೆಂಬುದು ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಇಪ್ಪತ್ತೆರಡು ಗಂಟೆ ನಿಂತೇ ಇರುವ ವಸ್ತುವಲ್ಲವೆ!

ಆತುರದವರಿಗೆ ಬೇರೆ ಕೊಳಾಯಿಗಳಿವೆ. 50, 150 ಕಿಲೋವಾಟ್ ಬಿರುಸಿನವು. ಅವು ಕಾರಿನೊಳಗಿನ ಪುಟ್ಟ ಚಾರ್ಜರನ್ನು ಬದಿಗಿಟ್ಟು, ತಾವೇ ಎಸಿ ವಿದ್ಯುತ್ತನ್ನು ಡಿಸಿಯಾಗಿ ಪರಿವರ್ತಿಸಿ ನೇರ ಬ್ಯಾಟರಿಗೆ ನುಗ್ಗಿಸುತ್ತವೆ. ಫುಲಂ ರಸ್ತೆಯಲ್ಲಿ ಶೆಲ್ ಕಂಪೆನಿ 2022ರಲ್ಲಿ ತನ್ನದೊಂದು ಪೆಟ್ರೋಲ್ ಬಂಕಿನ ಪಂಪುಗಳನ್ನೆಲ್ಲ ಕಿತ್ತುಹಾಕಿ ಅಲ್ಲಿ ಬರೀ ಇಂಥ ಕಂಬಗಳನ್ನು ನಿಲ್ಲಿಸಿತು. ಪೆಟ್ರೋಲಿನ ವಾಸನೆಯ ಜಾಗದಲ್ಲೀಗ ಕಾಫಿಯ ವಾಸನೆ. ಜನ ಕಾಫಿ ಕುಡಿದು, ಹಾಲು ಬ್ರೆಡ್ಡು ಕೊಳ್ಳುವಷ್ಟರಲ್ಲಿ ಕಾರು ಹೊರಡಲು ಸಿದ್ಧ. ತೈಲ ಮಾರಿಯೇ ಬೆಳೆದ ಈ ಕಂಪೆನಿ 2021ರಲ್ಲಿ ದೀಪದ ಕಂಬದ ಯುಬಿಟ್ರಿಸಿಟಿಯನ್ನೂ ಕೊಂಡುಕೊಂಡಿತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ವ್ಯಾಪಾರಿಗೆ ಎಲ್ಲರಿಗಿಂತ ಮುಂಚೆ ತಿಳಿಯುತ್ತದೆ.

ಲಂಡನ್ನಿನ ಸುಪ್ರಸಿದ್ಧ ಕಪ್ಪು ಟ್ಯಾಕ್ಸಿಯೂ ಬದಲಾಗಿದೆ. 2018ರ ಜನವರಿ 1ರಿಂದ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿ ಹೊಗೆಯಿಲ್ಲದೆ ಓಡಬಲ್ಲದ್ದಾಗಿರಬೇಕೆಂಬ ನಿಯಮ ಬಂತು. ಡೀಸೆಲಿನ ಗಡಗಡ ಸದ್ದಿಗೆ ಹೆಸರಾಗಿದ್ದ ಗಾಡಿ ಈಗ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಪಕ್ಕಕ್ಕೆ ನಿಲ್ಲುತ್ತದೆ.

ಇದನ್ನೆಲ್ಲ ಹೊಸ ಯುಗದ ಪವಾಡವೆಂದು ಬಣ್ಣಿಸುವವರು ಥೇಮ್ಸ್ ದಾಟಿ ಲ್ಯಾಂಬೆತ್‌ಗೆ ಹೋಗಿ ಬರಬೇಕು. ಕನ್ನಡಿಗರಿಗೆ ಲ್ಯಾಂಬೆತ್ ಅಪರಿಚಿತವೇನಲ್ಲ. ನದಿದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಇದೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಜಕ್ಸನ್ ಸ್ಟ್ರೀಟ್ ಎಂಬ ಸಣ್ಣ ಬೀದಿ. 1897ರಲ್ಲಿ, ಹೌದು, 1897ರಲ್ಲಿಯೇ, ಲಂಡನ್ನಿನ ವಿದ್ಯುತ್ ಟ್ಯಾಕ್ಸಿಗಳ ಡಿಪೋ ಇದ್ದದ್ದು ಅಲ್ಲಿ. ವಾಲ್ಟರ್ ಬರ್ಸಿ ಎಂಬ ತರುಣ ಎಂಜಿನಿಯರ್ ರೂಪಿಸಿದ ಈ ಗಾಡಿಗಳಿಗೆ ಹಳದಿ, ಕಪ್ಪು ಬಣ್ಣ. ಓಡುವಾಗ ಮೆಲ್ಲನೆ ಗುಂಯ್‌ಗುಡುತ್ತಿದ್ದುದರಿಂದ ಜನ ಅವನ್ನು 'ಹಮ್ಮಿಂಗ್‌ಬರ್ಡ್' ಎಂದು ಕರೆದರು. ತೂಕ ಸುಮಾರು ಎರಡು ಟನ್, ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರನ್ನು ಮುಟ್ಟದು. ಡಿಪೋಕ್ಕೆ ಬಂದ ಗಾಡಿಯಿಂದ ಬರಿದಾದ ಬ್ಯಾಟರಿಯ ಪೆಟ್ಟಿಗೆಯನ್ನೇ ಇಳಿಸಿ, ನೀರೊತ್ತಡದ ಎತ್ತುಯಂತ್ರದಿಂದ ತುಂಬಿದ ಪೆಟ್ಟಿಗೆಯನ್ನು ಏರಿಸಿ ಕಳಿಸುತ್ತಿದ್ದರು. ಇವತ್ತಿನ ಬ್ಯಾಟರಿ ಬದಲಾವಣೆಯ ಯೋಜನೆಗಳನ್ನು ನೋಡಿದರೆ ಬರ್ಸಿ ನಗುತ್ತಿದ್ದನೇನೋ. ಆದರೆ ಅವನ ನಗು ಹೆಚ್ಚು ಕಾಲ ಉಳಿಯಲಿಲ್ಲ. ಭಾರಕ್ಕೆ ಟೈರುಗಳು ಸವೆದವು, ಕುಲುಕಾಟಕ್ಕೆ ಬ್ಯಾಟರಿಯ ಫಲಕಗಳು ಹಾಳಾದವು, ಖರ್ಚು ಏರಿತು. 1899ರಲ್ಲಿ ಕಂಪೆನಿ ಬಾಗಿಲು ಹಾಕಿತು. ಇನ್ನೊಂದು ಮಾತು: ಕುಡಿದು ಮೋಟಾರು ವಾಹನ ಓಡಿಸಿ ಶಿಕ್ಷೆಗೆ ಗುರಿಯಾದ ಮೊದಲಿಗನೆಂದು ದಾಖಲೆಯಲ್ಲಿರುವವನು ಇದೇ ಕಂಪೆನಿಯ ಚಾಲಕ, ಜಾರ್ಜ್ ಸ್ಮಿತ್. 1897ರ ಸೆಪ್ಟೆಂಬರಿನಲ್ಲಿ ಅವನು ನ್ಯೂ ಬಾಂಡ್ ಸ್ಟ್ರೀಟಿನ ಕಟ್ಟಡವೊಂದಕ್ಕೆ ಗಾಡಿ ಗುದ್ದಿದ್ದ. ಬರ್ಸಿಯ ಗಾಡಿಯೊಂದು ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಉಳಿದಿದೆ.

ಟ್ಯಾಕ್ಸಿ ಹೋಯಿತು, ಹಾಲಿನ ಗಾಡಿ ಉಳಿಯಿತು. ಇಪ್ಪತ್ತನೆಯ ಶತಮಾನದ ಬಹುಭಾಗ ಬ್ರಿಟನ್ನಿನ ಬೀದಿಗಳಲ್ಲಿ ಬೆಳಗಿನ ಜಾವ ಮನೆಮನೆಗೆ ಹಾಲಿನ ಬಾಟಲಿ ಇಡುತ್ತಿದ್ದುದು ಬ್ಯಾಟರಿ ಗಾಡಿಗಳೇ. ನಿದ್ದೆ ಕೆಡಿಸದಂತೆ ಬಂದು, ಬಾಟಲಿಗಳ ಕಿಣಿಕಿಣಿ ಸದ್ದೊಂದನ್ನು ಬಿಟ್ಟು ಹೋಗುತ್ತಿದ್ದ ಆ ಗಾಡಿಗಳು ಹಗಲೆಲ್ಲ ಡಿಪೋದಲ್ಲಿ ಚಾರ್ಜಾಗುತ್ತಿದ್ದವು. ಸೂಪರ್ ಮಾರ್ಕೆಟ್ಟು ಬಂದು ಹಾಲಿನವನ ಕೆಲಸವನ್ನೇ ಕಸಿಯಿತು.

ಆಮೇಲೆ ಬಂದದ್ದು ಬೆಂಗಳೂರಿನ ಸರದಿ. ಇದು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕಾದ ಕಥೆ. 2003ರ ಫೆಬ್ರವರಿ 17ರಂದು ಆಗಿನ ಮೇಯರ್ ಕೆನ್ ಲಿವಿಂಗ್‌ಸ್ಟನ್ ಲಂಡನ್ನಿನ ಹೃದಯಭಾಗಕ್ಕೆ ಕಾರು ತರುವವರು ದಿನಕ್ಕೆ 5 ಪೌಂಡ್ ಕಟ್ಟಬೇಕೆಂಬ ದಟ್ಟಣೆ ಸುಂಕ ಹಾಕಿದರು. ವಿದ್ಯುತ್ ವಾಹನಗಳಿಗೆ ವಿನಾಯಿತಿ. ಮರುವರ್ಷವೇ, 2004ರಲ್ಲಿ, ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಕಾರು 'ಜಿ-ವಿಜ್' ಎಂಬ ಹೆಸರು ಹೊತ್ತು ಲಂಡನ್ನಿಗೆ ಇಳಿಯಿತು. 1994ರಲ್ಲಿ ಮೈನಿ ಸಮೂಹ ಅಮೆರಿಕದ ಕಂಪೆನಿಯೊಂದರ ಜೊತೆಗೂಡಿ ಶುರುಮಾಡಿದ ಸಾಹಸ ಇದು. ಚೇತನ್ ಮೈನಿ ಅದರ ರೂವಾರಿ. 2001ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದಾಗ ಕೊಳ್ಳುವವರು ವಿರಳ. ಲಂಡನ್ನಿನಲ್ಲಿ ಮಾತ್ರ ಅದಕ್ಕೆ ಶುಕ್ರದೆಸೆ. ಎರಡೂಮುಕ್ಕಾಲು ಮೀಟರೂ ಉದ್ದವಿಲ್ಲದ, ಆಟಿಕೆಯಂಥ ಗಾಡಿ. ಸೀಟಿನಡಿಯಲ್ಲಿ ಎಂಟು ಸೀಸ-ಆಮ್ಲದ ಬ್ಯಾಟರಿಗಳು. ಮನೆಯ ಮಾಮೂಲಿ ಮೂರು ಪಿನ್ನಿನ ಸಾಕೆಟ್ಟೇ ಅದಕ್ಕೆ ಸಾಕು. ದಿನಕ್ಕೆ 5 ಪೌಂಡಿನಂತೆ ವರ್ಷದ 250 ಕೆಲಸದ ದಿನಗಳಿಗೆ 1,250 ಪೌಂಡ್ ಉಳಿತಾಯವೆಂದರೆ ಯಾರಿಗೆ ಬೇಡ? 2005ರಲ್ಲಿ ಸುಂಕ 8 ಪೌಂಡಿಗೆ ಏರಿದಾಗ ಉಳಿತಾಯವೂ ಏರಿತು. ಸಾವಿರಕ್ಕೂ ಹೆಚ್ಚು ರೇವಾಗಳು ಲಂಡನ್ ಬೀದಿಗಳಲ್ಲಿ ಓಡಿದವು.

ಗೇಲಿಯೂ ಸಾಕಷ್ಟು ನಡೆಯಿತು. ಟೆಲಿವಿಷನ್ನಿನ ಮೋಟಾರು ಕಾರ್ಯಕ್ರಮಗಳಿಗೆ ಅದು ನಗೆಪಾಟಲಿನ ವಸ್ತುವಾಯಿತು. ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, 'ನಾಲ್ಕು ಗಾಲಿಯ ಸೈಕಲ್' ಎಂಬ ಹಗುರ ವಾಹನದ ವರ್ಗಕ್ಕೆ ಸೇರಿದ್ದು. ಆದ್ದರಿಂದ ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಅದರ ಸುರಕ್ಷತೆಯ ಬಗ್ಗೆ ಗಂಭೀರ ಪ್ರಶ್ನೆಗಳೆದ್ದವು. ಆ ಟೀಕೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಲಂಡನ್ ನಗರಕ್ಕೆ ಬೀದಿಬದಿಯಲ್ಲಿ ಕಾರು ಚಾರ್ಜು ಮಾಡುವ ಅಭ್ಯಾಸವನ್ನು ಮೊದಲು ಹಿಡಿಸಿದವರಲ್ಲಿ ಈ ಪುಟಾಣಿ ಗಾಡಿಯ ಒಡೆಯರಿದ್ದರು ಎಂಬುದೂ ಅಷ್ಟೇ ನಿಜ. 2006ರಲ್ಲಿ ಕೋವೆಂಟ್ ಗಾರ್ಡನ್ ಬಳಿ ವೆಸ್ಟ್‌ಮಿನ್‌ಸ್ಟರ್ ಆಡಳಿತ ಮೊದಲ ಬೀದಿಬದಿ ಚಾರ್ಜು ಕಂಬಗಳನ್ನು ನೆಟ್ಟಾಗ, ಅವುಗಳ ಮುಂದೆ ನಿಲ್ಲಲು ಆ ಊರಿನಲ್ಲಿದ್ದ ವಿದ್ಯುತ್ ಕಾರುಗಳೆಂದರೆ ಮುಖ್ಯವಾಗಿ ಇವೇ. ರೇವಾ ಕಂಪೆನಿ 2010ರಲ್ಲಿ ಮಹೀಂದ್ರದ ಪಾಲಾಯಿತು.

ಕಂಬ ಬಂದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ಲಂಡನ್ ಎಂದರೆ ಒಂದು ಆಡಳಿತವಲ್ಲ. 32 ಬರೊಗಳು, ಜೊತೆಗೆ 'ಸಿಟಿ' ಎಂಬ ಹಳೆಯ ಕೋಟೆಪ್ರದೇಶ. ಪ್ರತಿಯೊಂದಕ್ಕೂ ತನ್ನದೇ ಕೌನ್ಸಿಲು, ತನ್ನದೇ ಗುತ್ತಿಗೆದಾರ. ಒಂದು ಬರೊದಲ್ಲಿ ಪಡೆದ ಕಾರ್ಡು ಪಕ್ಕದ ಬರೊದಲ್ಲಿ ನಡೆಯದು. ಇದನ್ನು ಸರಿಪಡಿಸಲು 2011ರಲ್ಲಿ 'ಸೋರ್ಸ್ ಲಂಡನ್' ಎಂಬ ಒಂದೇ ಕಾರ್ಡಿನ ಜಾಲ ಆರಂಭವಾಯಿತು. 2014ರಲ್ಲಿ ಅದು ಫ್ರಾನ್ಸಿನ ಬೊಲೊರೆ ಸಮೂಹದ ಕೈಗೆ ಹೋಯಿತು. ಅಷ್ಟರಲ್ಲಿ ಮತ್ತೆ ಹತ್ತಾರು ಕಂಪೆನಿಗಳು, ಹತ್ತಾರು ಕಾರ್ಡುಗಳು. ಕೊನೆಗೆ ಸರ್ಕಾರ 2023ರಲ್ಲಿ ಕಾನೂನನ್ನೇ ತಂದಿತು: ದರವನ್ನು ಯೂನಿಟ್ಟಿಗೆ ಇಷ್ಟು ಪೆನ್ಸ್ ಎಂದು ಸ್ಪಷ್ಟವಾಗಿ ತೋರಿಸಬೇಕು, ಶೀಘ್ರ ಚಾರ್ಜಿನ ಕಂಬಗಳು ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೊತ್ತು ಕೆಲಸ ಮಾಡುತ್ತಿರಬೇಕು, ಅವುಗಳಲ್ಲಿ ಬ್ಯಾಂಕಿನ ಮಾಮೂಲಿ ಕಾರ್ಡು ಮುಟ್ಟಿಸಿದರೆ ಹಣ ಸಂದಾಯವಾಗಬೇಕು.

ನಗರದಲ್ಲಿ ಸಾರ್ವಜನಿಕ ಕಂಬಗಳ ಸಂಖ್ಯೆ 20,000 ದಾಟಿದೆ. ಹಾಗಿದ್ದೂ ಸಂಜೆಯ ಪರದಾಟ ನಿಂತಿಲ್ಲ. ಕಂಬ ಖಾಲಿಯಿರುತ್ತದೆ, ಅದರ ಮುಂದಿನ ಜಾಗದಲ್ಲಿ ಯಾರದೋ ಪೆಟ್ರೋಲ್ ಕಾರು ಆರಾಮವಾಗಿ ಮಲಗಿರುತ್ತದೆ. ಬಹುತೇಕ ದೀಪದ ಕಂಬಗಳೆದುರು ವಿದ್ಯುತ್ ಕಾರಿಗೆಂದು ಮೀಸಲು ಜಾಗವಿಲ್ಲ. ಮೀಸಲಿಟ್ಟರೆ ಉಳಿದವರು ಸಿಟ್ಟಾಗುತ್ತಾರೆ. ಚಾರ್ಜು ತುಂಬಿದ ಮೇಲೂ ಬೆಳಗಿನ ತನಕ ಕಾರು ತೆಗೆಯದವರು ಇನ್ನೊಂದು ತಲೆನೋವು. ನಡುರಾತ್ರಿ ಪೈಜಾಮದ ಮೇಲೆ ಕೋಟು ತೊಟ್ಟು ಕಾರು ತೆಗೆಯಲು ಇಳಿದು ಬರುವ ಸಜ್ಜನಿಕೆ ಎಲ್ಲರಿಂದ ನಿರೀಕ್ಷಿಸುವುದೂ ಕಷ್ಟವೇ.

ಇದಕ್ಕಿಂತ ದೊಡ್ಡದು ದರದ ತಾರತಮ್ಯ. ಅಂಗಳವಿದ್ದು, ಸ್ವಂತ ಚಾರ್ಜರ್ ಹಾಕಿಸಿಕೊಂಡವರಿಗೆ ರಾತ್ರಿಯ ರಿಯಾಯಿತಿ ದರದಲ್ಲಿ 2025ರಲ್ಲಿ ಯೂನಿಟ್ಟು ಸುಮಾರು 8 ಪೆನ್ಸಿಗೆ ಸಿಗುತ್ತಿತ್ತು. ಬೀದಿಯ ನಿಧಾನ ಕಂಬದಲ್ಲಿ 50 ಪೆನ್ಸಿನ ಆಸುಪಾಸು. ಶೀಘ್ರ ಕಂಬದಲ್ಲಿ 75ರ ಆಸುಪಾಸು. ನಮ್ಮ ಹಳೆಯ ಲೆಕ್ಕದ 30 ಯೂನಿಟ್ಟಿಗೆ ಅಂಗಳವಿದ್ದವನು ತೆರುವುದು 2 ಪೌಂಡ್ 40 ಪೆನ್ಸ್. ಬೀದಿಯವನು 15 ಪೌಂಡ್. ಅವಸರದವನು ಇಪ್ಪತ್ತೆರಡೂವರೆ ಪೌಂಡ್. ಸಾಲದ್ದಕ್ಕೆ ಮನೆಯ ವಿದ್ಯುತ್ತಿಗೆ ನೂರಕ್ಕೆ 5ರ ತೆರಿಗೆ, ಬೀದಿಯ ಕಂಬದ ವಿದ್ಯುತ್ತಿಗೆ ನೂರಕ್ಕೆ 20ರ ತೆರಿಗೆ ಎಂಬ ಪದ್ಧತಿ 2025ರಲ್ಲೂ ನಡೆದುಕೊಂಡು ಬಂದಿತ್ತು. ಅಂದರೆ ಫ್ಲಾಟಿನ ಬಾಡಿಗೆದಾರ, ಬಂಗಲೆಯ ಒಡೆಯನಿಗಿಂತ ಆರು ಪಟ್ಟು ಹೆಚ್ಚು ತೆತ್ತು ಅದೇ ದೂರ ಹೋಗಬೇಕು. ಇದ್ದವನಿಗೆ ಅಗ್ಗ, ಇಲ್ಲದವನಿಗೆ ದುಬಾರಿ. ಇಂಥ ನ್ಯಾಯ ಇಂಗ್ಲೆಂಡಿನದೊಂದೇ ಅಲ್ಲ, ಬಿಡಿ.

ಹಳೆಯ ಸವಲತ್ತುಗಳೂ ಒಂದೊಂದಾಗಿ ಕಳಚುತ್ತಿವೆ. ದಟ್ಟಣೆ ಸುಂಕದ ವಿನಾಯಿತಿ 2025ರ ಕ್ರಿಸ್‌ಮಸ್ ದಿನಕ್ಕೆ ಮುಗಿಯಿತು. 2026ರ ಜನವರಿ 2ರಿಂದ ಸುಂಕ 18 ಪೌಂಡ್. ಸ್ವಯಂಪಾವತಿಗೆ ಹೆಸರು ನೋಂದಾಯಿಸಿದ ವಿದ್ಯುತ್ ಕಾರುಗಳಿಗೆ ಕಾಲು ಭಾಗದ ರಿಯಾಯಿತಿ ಮಾತ್ರ. ಕಾರಣ ಸರಳ. ರೇವಾದ ಕಾಲದಲ್ಲಿ ಇಂಥ ಕಾರುಗಳು ಬೆರಳೆಣಿಕೆಯಷ್ಟಿದ್ದವು. ಈಗ ಎಲ್ಲರೂ ವಿದ್ಯುತ್ ಕಾರಿನಲ್ಲೇ ನುಗ್ಗಿದರೆ ಹೊಗೆ ಇರಲಾರದು, ದಟ್ಟಣೆ ಇದ್ದೇ ಇರುತ್ತದೆ.

ಇಷ್ಟೆಲ್ಲ ಪಾಡುಪಟ್ಟು ಒಂದು ನಗರ ತನ್ನ ದೀಪದ ಕಂಬಗಳಿಗೆ ಕಾರು ಕಟ್ಟುವುದೇಕೆ ಎಂದು ಕೇಳುವವರಿಗೆ ಲಂಡನ್ನಿನ ಆಗ್ನೇಯ ಭಾಗದ ಲೂಯಿಶಂ ಉತ್ತರ ಹೇಳುತ್ತದೆ. ಅಲ್ಲಿ ಸೌತ್ ಸರ್ಕ್ಯುಲರ್ ಎಂಬ ವರ್ತುಲ ರಸ್ತೆ ಹಾದು ಹೋಗುತ್ತದೆ. ಹೆಸರಿಗೆ ವರ್ತುಲ, ನಿಜಕ್ಕೆ ಇಕ್ಕಟ್ಟಾದ ಬೀದಿಗಳನ್ನು ಪೋಣಿಸಿದ ಸರ. ದಿನವಿಡೀ ಲಾರಿ, ಬಸ್ಸು, ಕಾರುಗಳ ಸಾಲು. ಆ ರಸ್ತೆಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ ತಾಯಿ ರೋಸಮಂಡ್ ಜೊತೆ ವಾಸವಾಗಿದ್ದಳು. ಅವಳಿಗೆ ತೀವ್ರವಾದ ಉಬ್ಬಸ. ಮೂರು ವರ್ಷಗಳಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಆಸ್ಪತ್ರೆ ಸೇರಿದಳು. 2013ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ.

ಮೊದಲ ವಿಚಾರಣೆಯಲ್ಲಿ ಗಾಳಿಯ ಮಾತೇ ಬರಲಿಲ್ಲ. ಶಿಕ್ಷಕಿಯಾಗಿದ್ದ ತಾಯಿ ಸುಮ್ಮನಾಗಲಿಲ್ಲ. ಉಬ್ಬಸ ರೋಗದ ತಜ್ಞ ಪ್ರೊಫೆಸರ್ ಸ್ಟೀಫನ್ ಹೋಲ್‌ಗೇಟ್, ಮನೆಯ ಹತ್ತಿರದ ಮಾಪನ ಕೇಂದ್ರದ ಅಂಕಿಅಂಶಗಳನ್ನೂ ಹುಡುಗಿ ಆಸ್ಪತ್ರೆ ಸೇರಿದ ದಿನಗಳನ್ನೂ ಹೋಲಿಸಿ ನೋಡಿ ವರದಿ ಕೊಟ್ಟರು. ಅದರ ಬಲದ ಮೇಲೆ ಎರಡನೆಯ ವಿಚಾರಣೆ ನಡೆದು, 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಫಿಲಿಪ್ ಬಾರ್ಲೊ ತೀರ್ಪಿತ್ತರು: ಆ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಸಾವಿನ ಕಾರಣವಾಗಿ ವಾಯುಮಾಲಿನ್ಯ ದಾಖಲಾದದ್ದು ಅದೇ ಮೊದಲು. ತೀರ್ಪಿನ ಇನ್ನೊಂದು ಮಾತು ಎಲ್ಲ ತಂದೆತಾಯಿಗಳ ಎದೆಗೆ ನಾಟುವಂಥದು. ಮಾಲಿನ್ಯದ ಅಪಾಯದ ಬಗ್ಗೆ ತಾಯಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಆಕೆ ಮಗಳನ್ನು ಉಳಿಸಬಹುದಾದ ಕ್ರಮ ಕೈಗೊಳ್ಳುತ್ತಿದ್ದಳು ಎಂದು ಅಧಿಕಾರಿ ಬರೆದರು.

ಲಂಡನ್ನಿಗೆ ಗಾಳಿಯ ಪಾಠ ಹೊಸದಲ್ಲ. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲಿನ ಹೊಗೆ, ಮಂಜು ಬೆರೆತು ಐದು ದಿನ ಕವಿದಾಗ ಸತ್ತವರು 4,000 ಎಂದು ಆಗ ಅಂದಾಜಾಯಿತು. ಆ ಸಂಖ್ಯೆ ಸುಮಾರು 12,000 ಇರಬೇಕೆಂದು ಮುಂದಿನ ಅಧ್ಯಯನಗಳು ಹೇಳಿದವು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು. ಡೀಸೆಲಿನ ನೈಟ್ರೋಜನ್ ಡೈಆಕ್ಸೈಡ್ ಕಾಣುವುದಿಲ್ಲ, ಅದೇ ಅದರ ಮೋಸ.

2019ರ ಏಪ್ರಿಲ್ 8ರಿಂದ ನಗರದ ನಡುಭಾಗದಲ್ಲಿ ಹೆಚ್ಚು ಹೊಗೆಯುಗುಳುವ ಹಳೆಯ ವಾಹನಗಳಿಗೆ ದಿನಕ್ಕೆ 12 ಪೌಂಡ್ 50 ಪೆನ್ಸಿನ ಸುಂಕ ಹೇರಲಾಯಿತು. 2021ರ ಅಕ್ಟೋಬರಿನಲ್ಲಿ ಈ ವಲಯ ಉತ್ತರ ಮತ್ತು ದಕ್ಷಿಣ ವರ್ತುಲ ರಸ್ತೆಗಳವರೆಗೆ ಹಿಗ್ಗಿತು. 'ವರೆಗೆ' ಎಂಬ ಪದವನ್ನು ಗಮನಿಸಬೇಕು. ಆ ವರ್ತುಲ ರಸ್ತೆಗಳು ಮಾತ್ರ ವಲಯದ ಹೊರಗೇ ಉಳಿದವು! ಯಾವ ರಸ್ತೆಯ ಹೊಗೆ ಒಂಬತ್ತು ವರ್ಷದ ಹುಡುಗಿಯ ಶ್ವಾಸಕೋಶ ಸೇರಿತ್ತೋ ಆ ರಸ್ತೆ ಸುಂಕದ ವಲಯದೊಳಗೆ ಬಂದದ್ದು 2023ರ ಆಗಸ್ಟ್ 29ರಂದು, ಎಲ್ಲ ಬರೊಗಳೂ ಸೇರಿದಾಗ. ಅದಕ್ಕೂ ವಿರೋಧ ಕಡಿಮೆಯಿರಲಿಲ್ಲ. ಕ್ಯಾಮೆರಾದ ವೈರು ಕತ್ತರಿಸಿದವರಿದ್ದರು. ಹಳೆಯ ವ್ಯಾನನ್ನೇ ನಂಬಿ ಬದುಕುವ ಕೊಳಾಯಿ ರಿಪೇರಿಯವನ, ಬಡಗಿಯ ಸಂಕಟವೂ ಸುಳ್ಳಲ್ಲ. ಆದರೆ ಫಲ ಕಂಡಿತು. ನೈಟ್ರೋಜನ್ ಡೈಆಕ್ಸೈಡಿನ ಕಾನೂನುಬದ್ಧ ಮಿತಿ, ಒಂದು ಘನಮೀಟರಿಗೆ 40 ಮೈಕ್ರೊಗ್ರಾಂ, 2010ರಿಂದ ಪಾಲನೆಯಾಗಬೇಕಿತ್ತು. ಲಂಡನ್ ಅದನ್ನು ಮೊದಲ ಬಾರಿಗೆ ಮುಟ್ಟಿದ್ದು 2024ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ 10 ಮೈಕ್ರೊಗ್ರಾಂ. ದಾರಿ ಇನ್ನೂ ಉದ್ದವಿದೆ.

ವಿದ್ಯುತ್ ಕಾರಿಗೆ ಕೊಳವೆಯ ಹೊಗೆಯಿಲ್ಲ, ನಿಜ. ಆದರೆ ಟೈರು ಸವೆದ ಪುಡಿ, ರಸ್ತೆಯ ದೂಳು ಇದ್ದೇ ಇದೆ. ಬರ್ಸಿಯ ಗಾಡಿಯನ್ನು ಕಾಡಿದ್ದ ಬ್ಯಾಟರಿಯ ಭಾರ ಇಂದಿನ ಟೈರನ್ನೂ ಕಾಡುತ್ತದೆ. ಕಂಬದಲ್ಲಿ ಬರುವ ವಿದ್ಯುತ್ತು ಎಲ್ಲಿಯದು ಎಂಬ ಪ್ರಶ್ನೆಗೆ ಮಾತ್ರ ಸಮಾಧಾನದ ಉತ್ತರವಿದೆ. ಕಲ್ಲಿದ್ದಲು ಉರಿಸಿ ಸಾರ್ವಜನಿಕರಿಗೆ ವಿದ್ಯುತ್ತು ಕೊಟ್ಟ ಜಗತ್ತಿನ ಮೊದಲ ಕೇಂದ್ರ 1882ರಲ್ಲಿ ಲಂಡನ್ನಿನ ಹೋಬರ್ನ್ ವಯಡಕ್ಟಿನಲ್ಲೇ ಆರಂಭವಾಗಿತ್ತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ, ರ‍್ಯಾಟ್‌ಕ್ಲಿಫ್-ಆನ್-ಸೋರ್, 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ನೂರ ನಲವತ್ತೆರಡು ವರ್ಷಗಳ ಅಧ್ಯಾಯ ಅದು. ಈಗ ಸಮುದ್ರದ ಗಾಳಿಯಂತ್ರಗಳ ವಿದ್ಯುತ್ತಿಗೆ ದೊಡ್ಡ ಪಾಲು. ಉಳಿದುದರಲ್ಲಿ ಅನಿಲದ್ದು, ಅಣುವಿನದ್ದು.

ಲಂಡನ್ನಿನ 500ಕ್ಕೂ ಹೆಚ್ಚು ಶಾಲೆಗಳ ಮುಂದೆ ಈಗ ಇನ್ನೊಂದು ಪದ್ಧತಿ ನಡೆಯುತ್ತಿದೆ. ಬೆಳಿಗ್ಗೆ ಶಾಲೆ ತೆರೆಯುವ, ಸಂಜೆ ಬಿಡುವ ಹೊತ್ತಿಗೆ ಶಾಲೆಯ ಬೀದಿಗೆ ವಾಹನ ಪ್ರವೇಶವಿಲ್ಲ. ಮೂಲೆಯಲ್ಲೊಂದು ಫಲಕ, ಅದರ ಮೇಲೆ ಕ್ಯಾಮೆರಾ. ಅಲ್ಲಿಯ ನಿವಾಸಿಗಳಿಗೆ, ತುರ್ತು ವಾಹನಗಳಿಗೆ ಮಾತ್ರ ಬಿಡುಗಡೆ. ರಾತ್ರಿಯಿಡೀ ದೀಪದ ಕಂಬದಲ್ಲಿ ಚಾರ್ಜಾದ ಕಾರಿಗೂ ಹೆಚ್ಚಿನ ಕಡೆ ಅದೇ ನಿಯಮ. ಅಪ್ಪ ಕಾರನ್ನು ಮೂಲೆಯಲ್ಲಿ ನಿಲ್ಲಿಸುತ್ತಾನೆ, ಮಗಳು ಚೀಲ ಹೆಗಲಿಗೇರಿಸಿಕೊಂಡು ಇಳಿಯುತ್ತಾಳೆ, ನಡುರಸ್ತೆಯಲ್ಲೇ ಗೆಳತಿಯರ ಜೊತೆ ಹರಟುತ್ತ ಶಾಲೆಯ ಗೇಟಿನ ಕಡೆ ನಡೆದು ಹೋಗುತ್ತಾಳೆ.